ಬೆಂಕಿಯೊಳಗಿನ ನೀರು

ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿಗಳ ಮಾತು ಬಂದರೆ ಎಲ್ಲರೂ ಕ್ಯಾಲಿಫೋರ್ನಿಯಾಕ್ಕೇ ಓಡುತ್ತಾರೆ. 1938ರಲ್ಲಿ ಬಿಲ್ ಹ್ಯೂಲೆಟ್ ಮತ್ತು ಡೇವ್ ಪ್ಯಾಕರ್ಡ್ ಕೆಲಸ ಶುರುಮಾಡಿದ ಪಾಲೊ ಆಲ್ಟೊದ ಪುಟ್ಟ ಗ್ಯಾರೇಜು ಇವತ್ತು ಸ್ಮಾರಕ. ಅದರೆದುರು ನಿಂತು ಫೋಟೊ ತೆಗೆಸಿಕೊಂಡ ಬೆಂಗಳೂರಿಗರಿಗೇನೂ ಬರವಿಲ್ಲ. ಆದರೆ ಪಾಲೊ ಆಲ್ಟೊದಲ್ಲಿ ಜನವರಿ ತಿಂಗಳಲ್ಲೂ ಹಗಲಿಗೆ 14–15 ಡಿಗ್ರಿ ಇರುತ್ತದೆ. ಒಂದು ಸ್ವೆಟರ್ ಏರಿಸಿದರೆ ಮುಗಿಯಿತು. ಆ ಕಥೆಯಲ್ಲಿ ಒಲೆ ಬರುವುದಿಲ್ಲ.

ಒಲೆ ಇರುವ ಕಥೆ ಬೇಕಿದ್ದರೆ ಮಿನಿಯಾಪೊಲಿಸ್‌ಗೆ ಬರಬೇಕು. 1949ರ ಏಪ್ರಿಲ್‌ನಲ್ಲಿ ಅರ್ಲ್ ಬಕ್ಕನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ ತನ್ನ ನೆಂಟ ಪಾಮರ್ ಹರ್ಮಂಡ್‌ಸ್ಲಿ ಜೊತೆ ಸೇರಿ ಆಸ್ಪತ್ರೆಗಳ ಕೆಟ್ಟುಹೋದ ಉಪಕರಣ ರಿಪೇರಿ ಮಾಡುವ ಅಂಗಡಿ ತೆರೆದರು. ಅಂಗಡಿ ಎಂದರೆ ಹಳೆಯ ಎರಡು ಗೂಡ್ಸ್ ಡಬ್ಬಿಗಳನ್ನು ಜೋಡಿಸಿ ಮಾಡಿದ ಗ್ಯಾರೇಜು. ಚಳಿಗೆ ಒಂದು ಡೊಳ್ಳುಹೊಟ್ಟೆಯ ಕಬ್ಬಿಣದ ಒಲೆ. ಬೇಸಿಗೆಯಲ್ಲಿ ಸೆಕೆ ತಡೆಯದೆ ಮಾಡಿಗೆ ಪೈಪಿನಲ್ಲಿ ನೀರು ಹೊಡೆಯುತ್ತಿದ್ದರಂತೆ. ಮೊದಲ ತಿಂಗಳ ಸಂಪಾದನೆ 8 ಡಾಲರ್. 1957ರ ಅಕ್ಟೋಬರ್ 31ರಂದು ಊರಿನ ಕರೆಂಟು ಹೋಗಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪೇಸ್‌ಮೇಕರ್‌ಗಳನ್ನೇ ನಂಬಿದ್ದ ಮಕ್ಕಳ ಪ್ರಾಣಕ್ಕೆ ಕುತ್ತು ಬಂದಾಗ, ಹೃದಯದ ಶಸ್ತ್ರವೈದ್ಯ ವಾಲ್ಟನ್ ಲಿಲ್ಲಿಹೈ ಬ್ಯಾಟರಿಯಲ್ಲಿ ನಡೆಯುವ ಯಂತ್ರ ಬೇಕೆಂದು ಕೇಳಿದ್ದು ಬಕ್ಕನ್ ಅವರನ್ನೇ. ನಾಲ್ಕು ವಾರದಲ್ಲಿ ಗ್ಯಾರೇಜಿನಿಂದ ಹೊರಬಂದದ್ದು ಮೈಮೇಲೆ ಧರಿಸಬಹುದಾದ, ಟ್ರಾನ್ಸಿಸ್ಟರ್‌ನ ಪೇಸ್‌ಮೇಕರ್. ಕಂಪನಿಯ ಹೆಸರು ಮೆಡ್‌ಟ್ರಾನಿಕ್. ಚರಿತ್ರೆ ಬರೆಯುವವರು ಪೇಸ್‌ಮೇಕರ್‌ಗೆ ಪುಟಗಟ್ಟಲೆ ಕೊಡುತ್ತಾರೆ, ಒಲೆಗೆ ಒಂದು ಸಾಲು. ನನಗೆ ಕುತೂಹಲ ಒಲೆಯ ಮೇಲೆ.

ಮಿಲ್ವಾಕಿಯಲ್ಲಿ 1903ರಲ್ಲಿ ಡೇವಿಡ್‌ಸನ್ ಕುಟುಂಬದ ಹಿತ್ತಲಿನ 10 ಅಡಿ ಅಗಲ, 15 ಅಡಿ ಉದ್ದದ ಮರದ ಶೆಡ್ಡಿನಲ್ಲಿ ಹಾರ್ಲೆ ಡೇವಿಡ್‌ಸನ್ ಬೈಕು ಹುಟ್ಟಿತು. ಅದೂ ಹಿಮ ಬೀಳುವ ಊರೇ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ತನ್ನ ಮೊದಲ ಕಾರು ಕಟ್ಟಿದ್ದು ಮನೆಯ ಹಿಂದಿನ ಶೆಡ್ಡಿನಲ್ಲಿ. ಆದರೆ 1893ರ ಡಿಸೆಂಬರ್ 24ರ ರಾತ್ರಿ ಮೊದಲ ಎಂಜಿನ್ನನ್ನು ಓಡಿಸಿ ನೋಡಿದ್ದು ಅಡುಗೆಮನೆಯ ಸಿಂಕಿಗೆ ಬಿಗಿದು. ಕ್ರಿಸ್‌ಮಸ್ ಅಡುಗೆಯ ಗಡಿಬಿಡಿಯಲ್ಲಿದ್ದ ಹೆಂಡತಿ ಕ್ಲಾರಾ ಹನಿಹನಿಯಾಗಿ ಪೆಟ್ರೋಲು ಬಿಟ್ಟರು. ಕಿಡಿ ಹಾರಿಸಲು ಮನೆಯ ದೀಪದ ತಂತಿಯಿಂದ ವಿದ್ಯುತ್ತು ಬೇಕಿತ್ತು, ಅದಕ್ಕೇ ಅಡುಗೆಮನೆ ಎನ್ನುತ್ತಾರೆ. ಡೆಟ್ರಾಯಿಟ್‌ನ ಡಿಸೆಂಬರ್ ಕಂಡವರು ಇನ್ನೊಂದು ಕಾರಣವನ್ನೂ ಊಹಿಸಬಹುದು.

ಅಮೆರಿಕದ ಉತ್ತರ ಸೀಮೆಯಲ್ಲಿ ಮನೆ ಎಂದ ಮೇಲೆ ಗ್ಯಾರೇಜು ಇದ್ದೇ ಇರುತ್ತದೆ. ಎರಡು ಕಾರು ಹಿಡಿಸುವ, ಹೆಚ್ಚುಕಡಿಮೆ 24 ಅಡಿ ಚೌಕದ್ದು ಸಾಮಾನ್ಯ. ಎಷ್ಟೋ ಮನೆಗಳಲ್ಲಿ ಕಾರು ಹೊರಗೆ, ಒಳಗೆ ಟೇಬಲ್ ಗರಗಸ, ಡ್ರಿಲ್ ಪ್ರೆಸ್, ವೈಸು, ಗೋಡೆ ತುಂಬ ಉಳಿ–ಸುತ್ತಿಗೆ. ಆಳು ಸುಲಭಕ್ಕೆ ಸಿಗದ, ಸಿಕ್ಕರೂ ಗಂಟೆಯ ಕೂಲಿ ಕೇಳಿದರೆ ಎದೆ ಧಸಕ್ಕೆನ್ನುವ ಆ ದೇಶದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ನಮ್ಮವರೂ ಕೆಲವರು ಮೆಲ್ಲಗೆ ಬಡಗಿಗಳಾಗಿದ್ದಾರೆ. ಗಣಪತಿ ಮಂಟಪ, ಮಗುವಿಗೆ ತೊಟ್ಟಿಲು, ದೇವರ ಗೂಡಿಗೆ ಜಾಲರಿ ಬಾಗಿಲು. ಇವೆಲ್ಲ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕೆಲಸ. ದೀಪಾವಳಿ ಕಳೆಯಿತೆಂದರೆ ಗ್ಯಾರೇಜಿಗೆ ಬೀಗ.

ಬೀಗ ಯಾಕೆಂದರೆ, ಮನೆಗೆ ಸಿಕ್ಕ ಯಾವ ಉಪಚಾರವೂ ಗ್ಯಾರೇಜಿಗೆ ಸಿಕ್ಕಿರುವುದಿಲ್ಲ. ಮನೆಯ ಗೋಡೆಯೊಳಗೆ ಬೆಚ್ಚನೆಯ ಉಣ್ಣೆ ತುಂಬಿರುತ್ತದೆ. ಗ್ಯಾರೇಜಿನದು ಮರದ ಚೌಕಟ್ಟಿಗೆ ಹೊರಗಿನಿಂದ ಹಲಗೆ ಹೊಡೆದ ಬರಿ ಗೋಡೆ. ಚಾವಣಿ ಇರುವುದಿಲ್ಲ, ತಲೆಯೆತ್ತಿದರೆ ನೇರ ಮಾಡು. ಮುಂದೆ 16 ಅಡಿ ಅಗಲ, 7 ಅಡಿ ಎತ್ತರದ ತೆಳು ತಗಡಿನ ಬಾಗಿಲು. ಮಿನಿಯಾಪೊಲಿಸ್‌ನ ಜನವರಿಯ ಸರಾಸರಿ ಮೈನಸ್ 9 ಡಿಗ್ರಿ. ರಾತ್ರಿ ಮೈನಸ್ 18ಕ್ಕೆ ಇಳಿಯುವುದು ಮಾಮೂಲು, ಅದೇ ಅಲ್ಲಿನವರ ಫ್ಯಾರನ್‌ಹೀಟ್ ಸೊನ್ನೆ. ಮಿನಿಯಾಪೊಲಿಸ್ ಇರುವ ಮಿನೆಸೋಟ ರಾಜ್ಯದ ದಾಖಲೆ 1996ರ ಫೆಬ್ರುವರಿ 2ರಂದು ಟವರ್ ಎಂಬ ಊರಲ್ಲಿ ಬಿದ್ದ ಮೈನಸ್ 51.

ಇಂಥ ಚಳಿಯಲ್ಲಿ ಕೈ ಮರಗಟ್ಟುವುದು ಎರಡನೆಯ ಮಾತು, ಮೊದಲು ಮುಷ್ಕರ ಹೂಡುವುದು ಸಾಮಾನು. ಫೆವಿಕಾಲ್ ಜಾತಿಯ ಅಂಟು 10 ಡಿಗ್ರಿಯ ಆಸುಪಾಸಿಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ಸುಣ್ಣದ ಪುಡಿಯಂತೆ ಬೆಳ್ಳಗೆ ಒಣಗುತ್ತದೆ, ಜಗ್ಗಿದರೆ ಕಿತ್ತು ಬರುತ್ತದೆ. ಸಂದು ಬಿಟ್ಟಿರುವುದು ತಿಂಗಳಾದ ಮೇಲೆ, ಕುರ್ಚಿಯ ಮೇಲೆ ಯಾರೋ ಕೂತಾಗಲೇ ಗೊತ್ತಾಗುವುದು. ನೀರಿನಲ್ಲಿ ಕಲೆಸಿದ ಪೇಂಟು ಒಮ್ಮೆ ಹೆಪ್ಪುಗಟ್ಟಿತೆಂದರೆ ಕರಗಿದ ಮೇಲೂ ಮೊಸರು ಒಡೆದ ಹಾಗೆ, ಎಸೆಯುವುದೊಂದೇ ದಾರಿ. ವಾರ್ನಿಷ್ ಒಣಗುವುದಿಲ್ಲ. ಕಾರ್ಡ್‌ಲೆಸ್ ಡ್ರಿಲ್ಲಿನ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು, ಮಾಡಿದರೆ ಒಳಗೊಳಗೇ ಹಾಳಾಗುತ್ತದೆ.

ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಹೀಟರ್ ತಂದುಬಿಡೋಣ.

ಹಾರ್ಡ್‌ವೇರ್ ಅಂಗಡಿಗಳಲ್ಲಿ ನವೆಂಬರ್ ಬಂತೆಂದರೆ ಎದುರಿಗೇ ಪೇರಿಸಿಟ್ಟಿರುತ್ತಾರೆ. ತೋಪಿನ ನಳಿಗೆಯಂಥ ದುಂಡನೆಯ ಹೀಟರು, ಹಿಂದೆ ಫ್ಯಾನು, ಒಳಗೆ ಪ್ರೊಪೇನ್ ಅನಿಲದ ಇಲ್ಲವೇ ಸೀಮೆಎಣ್ಣೆಯ ಜ್ವಾಲೆ. ಹೊಗೆ ಕೊಳವೆ ಇಲ್ಲ, ಉರಿದದ್ದೆಲ್ಲ ನೇರ ಕೋಣೆಗೆ. ಹತ್ತೇ ನಿಮಿಷದಲ್ಲಿ ಗ್ಯಾರೇಜು ಬೆಚ್ಚಗಾಗುತ್ತದೆ, ಮಾಲೀಕನ ಮುಖ ಅರಳುತ್ತದೆ. ವಸಂತ ಬರುವ ಹೊತ್ತಿಗೆ ಟೇಬಲ್ ಗರಗಸದ ಬೀಡುಕಬ್ಬಿಣದ ಮೇಲ್ಮೈ ಕೆಂಪು ತಿರುಗಿರುತ್ತದೆ. ಉಳಿಗಳ ಅಲಗಿನ ಮೇಲೆ ಚುಕ್ಕೆ ಚುಕ್ಕೆ ತುಕ್ಕು. ಗ್ಯಾರೇಜು ಚಳಿಯಲ್ಲಿ ಬೀಗ ಹಾಕಿಕೊಂಡೇ ಇದ್ದ ಪಕ್ಕದ ಮನೆಯವನ ಉಳಿಗಳಿಗೆ ಏನೂ ಆಗಿರುವುದಿಲ್ಲ!

ಕಾರಣ ಜ್ವಾಲೆಯಲ್ಲೇ ಇದೆ. ಪ್ರೊಪೇನ್ ಎಂದರೆ ಇಂಗಾಲ ಮತ್ತು ಜಲಜನಕ. ಉರಿದಾಗ ಆ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಕಿಲೋ ಪ್ರೊಪೇನ್ ಸುಟ್ಟರೆ 1.6 ಕಿಲೋ ನೀರು. ಸುಟ್ಟದ್ದಕ್ಕಿಂತ ಹೆಚ್ಚು, ಏಕೆಂದರೆ ಆಮ್ಲಜನಕದ ತೂಕವೂ ಸೇರಿತಲ್ಲ. ಸೀಮೆಎಣ್ಣೆಯದ್ದೂ ಇದೇ ಜಾತಕ, ಕಿಲೋಗೆ 1.3ರ ಹತ್ತಿರ. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರು ಖಾಲಿಯಾಗುವ ಹೊತ್ತಿಗೆ ಸುಮಾರು 22 ಲೀಟರ್ ನೀರು ಆವಿಯಾಗಿ ಮನೆಯ ಗಾಳಿಗೆ ಸೇರಿರುತ್ತದೆ. ಕಿಟಕಿ ತೆರೆದಿರುತ್ತದೆ, ಗೋಡೆ ಬೆಚ್ಚಗಿರುತ್ತದೆ, ಹಾಗಾಗಿ ನಮಗದು ಕಾಣುವುದಿಲ್ಲ. ಗಂಟೆಗೆ ಒಂದು ಕಿಲೋ ಅನಿಲ ಕುಡಿಯುವ ಹೀಟರನ್ನು ಮುಚ್ಚಿದ ಗ್ಯಾರೇಜಿನಲ್ಲಿ ಶನಿವಾರದ ನಾಲ್ಕು ಗಂಟೆ ಉರಿಸಿದರೆ ಆರೇಳು ಲೀಟರ್ ನೀರನ್ನು ಒಳಗೆ ಎರಚಿದ ಹಾಗೆ. ಗಾಳಿ ಬೇಗ ಬಿಸಿಯಾಗುತ್ತದೆ. ನೂರಾರು ಕಿಲೋ ತೂಗುವ ಕಬ್ಬಿಣ ಬಿಸಿಯಾಗುವುದಿಲ್ಲ. ಚಳಿಯಿಂದ ಮನೆಯೊಳಗೆ ಕಾಲಿಟ್ಟವನ ಕನ್ನಡಕ ಮಬ್ಬಾಗುವುದಿಲ್ಲವೇ, ಅದೇ ಸಂಗತಿ ಗರಗಸದ ಮೈಮೇಲೂ ನಡೆಯುತ್ತದೆ. ಕನ್ನಡಕ ಒರೆಸಿಕೊಳ್ಳುತ್ತೇವೆ. ಗರಗಸ ಒರೆಸುವವರು ಕಡಿಮೆ.

ಮಲೆನಾಡಿನಲ್ಲಿ ಬೆಳೆದವರಿಗೆ ತುಕ್ಕು, ಬೂಷ್ಟು, ಕುಂಬು ಇವೆಲ್ಲ ಆಷಾಢ–ಶ್ರಾವಣದ ಸಮಾಚಾರ. ಚಪ್ಪಲಿಗೆ ಬೂಷ್ಟು, ಪೆಟ್ಟಿಗೆಯ ಬೀಗಕ್ಕೆ ತುಕ್ಕು, ಬಾಗಿಲು ಊದಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುವುದು. ಮಿನೆಸೋಟದ ಜನವರಿಯ ಗಾಳಿಯಲ್ಲಿ ನೀರೇ ಇಲ್ಲ, ತುಟಿ ಒಡೆಯುವಷ್ಟು ಒಣ. ಅಲ್ಲಿ ತುಕ್ಕನ್ನು ತರುವುದು ಮಳೆಯಲ್ಲ, ಚಳಿಯೂ ಅಲ್ಲ, ಬೆಂಕಿ. ಹೀಟರು ಕೊಂಡ ಎಷ್ಟೋ ಜನ ಇದನ್ನು ನಂಬಲು ತಯಾರಿರುವುದಿಲ್ಲ. ಬಿಸಿ ಮಾಡಿದರೆ ಒಣಗಬೇಕಲ್ಲ ಎನ್ನುತ್ತಾರೆ.

ನೀರು ಬರುವ ದಾರಿ ಇನ್ನೊಂದಿದೆ: ಕಾರು. ರಸ್ತೆಯಿಂದ ಬಂದ ಕಾರಿನ ಹೊಟ್ಟೆಯಡಿ, ಚಕ್ರದ ಕಮಾನಿನೊಳಗೆ ಬಕೆಟ್ಟುಗಟ್ಟಲೆ ಹಿಮ ಅಂಟಿರುತ್ತದೆ. ತಣ್ಣನೆಯ ಗ್ಯಾರೇಜಿನಲ್ಲಿ ಅದು ಹಾಗೇ ಉಳಿಯುತ್ತದೆ. ಬೆಚ್ಚಗಿನದರಲ್ಲಿ ಕರಗಿ ನೆಲವೆಲ್ಲ ಕೊಳೆನೀರು. ಅದರಲ್ಲಿ ರಸ್ತೆಗೆ ಚೆಲ್ಲಿದ ಉಪ್ಪು ಬೇರೆ. ಉಪ್ಪುನೀರಿನ ಪಕ್ಕ ಕಬ್ಬಿಣದ ಗತಿ ಏನೆಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಕಾರು ಮತ್ತು ಕಾರ್ಯಾಗಾರ ಒಂದೇ ಸೂರಿನಡಿ ಇರಲೇಬೇಕಾದರೆ ನೆಲ ಬಾಗಿಲ ಕಡೆಗೆ ಇಳಿಜಾರಾಗಿರಬೇಕು. ಆದರೆ ಹರಿದು ಹೋದ ನೀರು ಬಾಗಿಲ ಬುಡದ ರಬ್ಬರಿನಡಿ ನಿಂತು ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಬಾಗಿಲು ನೆಲಕ್ಕೆ ಅಂಟಿಕೊಂಡಿರುತ್ತದೆ. ಗುಂಡಿ ಒತ್ತಿದರೆ ಮೋಟಾರು ಒದರುತ್ತದೆ, ರಬ್ಬರು ಹರಿಯುತ್ತದೆ.

ಹಾಗಾದರೆ ಮೊದಲು ಮಾಡಬೇಕಾದ್ದು ಕಾವು ತರುವುದಲ್ಲ, ಇರುವ ಕಾವು ಹೋಗದಂತೆ ನೋಡಿಕೊಳ್ಳುವುದು. ಇದನ್ನು ಅಳೆಯಲು ಅಮೆರಿಕದಲ್ಲಿ ಒಂದು ಅಂಕಿ ಇದೆ, ಆರ್ ಮೌಲ್ಯ. ಕಾವಿನ ಹರಿವಿಗೆ ಒಂದು ವಸ್ತು ಒಡ್ಡುವ ತಡೆ ಎಷ್ಟು ಎಂಬ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನ ಎವರೆಟ್ ಶೂಮನ್ 1945ರಲ್ಲಿ ಇದನ್ನು ಮುಂದಿಟ್ಟರು. 1973ರ ತೈಲ ಬಿಕ್ಕಟ್ಟಿನಲ್ಲಿ ಎಣ್ಣೆಯ ಬೆಲೆ ಏರಿ ಮನೆಮನೆಯವರೂ ಗೋಡೆಗೆ ಏನಾದರೂ ತುಂಬಲು ಹೊರಟಾಗ, ಅಂಗಡಿಯವರು ಬಾಯಿಗೆ ಬಂದ ಅಂಕಿ ಹೇಳತೊಡಗಿದರು. ಕೊನೆಗೆ ಇದನ್ನು ಹೀಗೆಯೇ ಅಳೆದು ಹೀಗೆಯೇ ಮುದ್ರಿಸಬೇಕು ಎಂಬ ಸರ್ಕಾರಿ ನಿಯಮ 1980ರಲ್ಲಿ ಜಾರಿಯಾಯಿತು. ಇವತ್ತಿಗೂ ಬಿಸ್ಕತ್ತಿನ ಪೊಟ್ಟಣದ ಮೇಲೆ ಕ್ಯಾಲರಿ ಇದ್ದಂತೆ ಉಣ್ಣೆಯ ಕಟ್ಟಿನ ಮೇಲೆ ಆರ್ ಅಂಕಿ ಇರುತ್ತದೆ.

ಆ ಉಣ್ಣೆ ಗಾಜಿನದು. 1932ರಲ್ಲಿ ಓವೆನ್ಸ್ ಇಲಿನಾಯ್ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಒದ್ದಾಡುತ್ತಿದ್ದಾಗ, ಒತ್ತಡದ ಗಾಳಿ ಕರಗಿದ ಗಾಜಿಗೆ ತಗುಲಿ ಅದು ಸಣ್ಣ ನೂಲಾಗಿ ಚಿಮ್ಮಿತು. ಬೇಡದ್ದು ಬಂದಿತ್ತು, ಆದರೆ ಬಂದದ್ದು ಬೇಕಾದ್ದಕ್ಕಿಂತ ಬೆಲೆಯುಳ್ಳದ್ದಾಗಿತ್ತು. 1938ರಲ್ಲಿ ಅದಕ್ಕೆಂದೇ ಓವೆನ್ಸ್ ಕಾರ್ನಿಂಗ್ ಎಂಬ ಕಂಪನಿ ಹುಟ್ಟಿತು. ಅವರ ಉಣ್ಣೆಯ ಗುಲಾಬಿ ಬಣ್ಣ ಎಷ್ಟು ಹೆಸರಾಯಿತೆಂದರೆ 1985ರಲ್ಲಿ ಆ ಬಣ್ಣವನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳುವ ಹಕ್ಕು ಗೆದ್ದರು. ಬಣ್ಣವೊಂದಕ್ಕೆ ಹಾಗೆ ಹಕ್ಕು ಪಡೆದ ಮೊದಲ ಅಮೆರಿಕನ್ ಕಂಪನಿ ಅದು. ಕೆಲಸ ಮಾಡುವುದು ಗಾಜಲ್ಲ, ಎಳೆಗಳ ನಡುವೆ ಸಿಕ್ಕಿಬಿದ್ದು ಅಲುಗಾಡದ ಗಾಳಿ. ಅದಕ್ಕೇ ಉಣ್ಣೆಯನ್ನು ಒತ್ತಿ ತುರುಕಬಾರದು. ಮೂರೂವರೆ ಅಂಗುಲದ ಗೋಡೆಯಲ್ಲಿ ಸರಿಯಾಗಿ ಕೂತರೆ ಆರ್ 13 ಸಿಗುತ್ತದೆ. ಥರ್ಮೊಕೋಲ್ ಹಲಗೆಯದು ಅಂಗುಲಕ್ಕೆ 4ರಷ್ಟು.

ತಗಡಿನ ಬಾಗಿಲಿನದು? ಹೆಚ್ಚೆಂದರೆ 1. ಹೊರಗೆ ಮೈನಸ್ 18, ಒಳಗೆ 15 ಡಿಗ್ರಿ ಇರಬೇಕೆಂದರೆ ಆ ಒಂದು ಬಾಗಿಲಿನಿಂದಲೇ 2 ಕಿಲೋವ್ಯಾಟ್ ಕಾವು ಸೋರುತ್ತದೆ. ನಮ್ಮ ಬಚ್ಚಲುಮನೆಯ ಗೀಸರನ್ನು ಹಗಲಿರುಳು ಚಾಲೂ ಇಟ್ಟು, ಬಂದ ಬಿಸಿನೀರನ್ನೆಲ್ಲ ಬೀದಿಗೆ ಚೆಲ್ಲಿದಂತೆ. ಎರಡು ಅಂಗುಲದ ಥರ್ಮೊಕೋಲ್ ಹಲಗೆಗಳನ್ನು ಬಾಗಿಲ ಮಡಿಕೆಗಳೊಳಗೆ ಕತ್ತರಿಸಿ ಕೂರಿಸಿದರೆ ಆರ್ 8–9ಕ್ಕೆ ಏರಿ ಸೋರಿಕೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಇಲ್ಲೊಂದು ಎಚ್ಚರ ಬೇಕು. ಬಾಗಿಲನ್ನು ಎತ್ತುವುದು ಮೋಟಾರಲ್ಲ, ಮೇಲಿನ ದೊಡ್ಡ ಸ್ಪ್ರಿಂಗು. ಅದನ್ನು ಬಾಗಿಲಿನ ತೂಕಕ್ಕೆ ಸರಿಯಾಗಿ ತಿರುಚಿ ಬಿಗಿದಿರುತ್ತಾರೆ. ಹಲಗೆ, ಮೇಲೊಂದು ಹೊದಿಕೆ ಎಂದು ತೂಕ ಏರಿಸಿದರೆ ಸಮತೋಲ ತಪ್ಪುತ್ತದೆ. ಆ ಸ್ಪ್ರಿಂಗನ್ನು ತಾನೇ ತಿರುಗಿಸಲು ಹೋಗಿ ಕೈ ಮುರಿದುಕೊಂಡವರುಂಟು. ಎಲ್ಲ ಕೆಲಸವನ್ನೂ ಸ್ವಂತ ಮಾಡುವ ಹಟದವರು ಇದೊಂದಕ್ಕೆ ಮಾತ್ರ ಕೆಲಸ ಬಲ್ಲವರನ್ನು ಕರೆಯಬೇಕು.

ಇಡೀ ಗ್ಯಾರೇಜಿನ ಲೆಕ್ಕವನ್ನು ನಾನೊಮ್ಮೆ ಸ್ಥೂಲವಾಗಿ ಹಾಕಿ ನೋಡಿದೆ. 24 ಅಡಿ ಚೌಕ, ಬರಿ ಗೋಡೆ, ಬರಿ ಮಾಡು, ತಗಡಿನ ಬಾಗಿಲು, ಸಂದುಗೊಂದುಗಳ ಗಾಳಿ ಎಲ್ಲ ಸೇರಿ, ಆ ಮೈನಸ್ 18ರ ರಾತ್ರಿಯಲ್ಲಿ 14 ಕಿಲೋವ್ಯಾಟ್ ಬೇಕು. ಬೆಂಗಳೂರಿನ ಸಾಧಾರಣ ಮೂರು ಮನೆಗಳ ಮೀಟರು ಒಟ್ಟಿಗೆ ಸೇರಿದರೂ ತಿಣುಕಾಡುವಷ್ಟು. ಗೋಡೆಗೆ ಉಣ್ಣೆ ತುಂಬಿ, ಚಾವಣಿ ಹೊಡೆದು ಮೇಲೆ ಒಂದಡಿ ಉಣ್ಣೆ ಹಾಸಿ, ಬಾಗಿಲಿಗೆ ಹಲಗೆ ಕೂರಿಸಿ, ಸಂದು ಮುಚ್ಚಿದರೆ 3 ಕಿಲೋವ್ಯಾಟ್ ಚಿಲ್ಲರೆ. ಹೀಟರು ಬದಲಾಗಿಲ್ಲ, ಹೊರಗಿನ ಚಳಿ ಬದಲಾಗಿಲ್ಲ.

ಈ ನಾಲ್ಕರಲ್ಲಿ ಯಾವುದು ಮೊದಲು ಎಂದರೆ ಜನ ಗೋಡೆ ಎನ್ನುತ್ತಾರೆ, ಏಕೆಂದರೆ ಕಣ್ಣೆದುರಿಗಿರುವುದು ಅದು. ನನ್ನ ಮತ ಸಂದಿಗೆ. ಗಾಳಿ ನುಗ್ಗುವ ಕಡೆ ಎಷ್ಟು ಉಣ್ಣೆ ತುಂಬಿದರೂ ಅದು ಧೂಳು ಸೋಸುವ ಬಟ್ಟೆಯಾಗುತ್ತದೆ, ಅಷ್ಟೆ. ಗಾಳಿ ಬೀಸುವ ದಿನ ಊದುಬತ್ತಿಯೊಂದನ್ನು ಹಚ್ಚಿ (ಪೆಟ್ರೋಲು ಕ್ಯಾನು, ಥಿನ್ನರು ಹೊರಗಿಟ್ಟ ಮೇಲೆ) ಬಾಗಿಲಂಚು, ಕಿಟಕಿಯ ಚೌಕಟ್ಟು, ಗೋಡೆಯ ಬುಡ, ಸ್ವಿಚ್ ಬೋರ್ಡಿನ ಸುತ್ತ ನಿಧಾನ ನಡೆದರೆ ಹೊಗೆಯ ಎಳೆಯೇ ತೋರಿಸಿಕೊಡುತ್ತದೆ, ಎಲ್ಲಿ ಬಾಗಿತು, ಎಲ್ಲಿ ಚದುರಿತು ಎಂದು. ದುಬಾರಿ ಕ್ಯಾಮೆರಾಗಳಿವೆ, ಮೈಸೂರಿನ ಒಂದು ಕಡ್ಡಿಯಲ್ಲಿ ಆಗುವ ಕೆಲಸಕ್ಕೆ ಅವೆಲ್ಲ ಯಾಕೆ. ಸಂದಿನ ನಂತರ ಚಾವಣಿ, ಕಾವು ಮೇಲೇರುವುದರಿಂದ. ಆಮೇಲೆ ಬಾಗಿಲು. ಗೋಡೆ ಕೊನೆಗೆ. ಚಾವಣಿಯಲ್ಲಿ ತೂತು ಬಿಟ್ಟರೆ ಬೆಚ್ಚನೆ ಗಾಳಿ ಅಟ್ಟಕ್ಕೆ ಏರಿ ಮಾಡಿನ ಹಿಮ ಕರಗಿಸಿ, ಆ ನೀರು ಸೂರಿನಂಚಿಗೆ ಹರಿದು ಮತ್ತೆ ಹೆಪ್ಪುಗಟ್ಟಿ ಮಂಜಿನ ಕಟ್ಟೆಯಾಗುತ್ತದೆ. ಅದರ ಹಿಂದೆ ನಿಂತ ನೀರು ಹಿಮ್ಮುಖವಾಗಿ ಮಾಡಿನೊಳಗೆ ಇಳಿಯುತ್ತದೆ. ಮತ್ತೆ ನೀರು.

ಗೋಡೆಯನ್ನು ಕೊನೆಗೆ ದೂಡಿದ್ದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ಅವಸರ ಮಾಡಿದರೆ ಕೆಡುಕು ಹೆಚ್ಚು. ಗಾಜಿನ ಉಣ್ಣೆ ಕಾವನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಒಳಗಿನ ತೇವದ ಗಾಳಿ ಉಣ್ಣೆಯನ್ನು ದಾಟಿ ಹೊರಗಿನ ಹಲಗೆಯ ಒಳಮೈಗೆ ತಗುಲುತ್ತದೆ. ಉಣ್ಣೆ ಚೆನ್ನಾಗಿದ್ದಷ್ಟೂ ಆ ಹಲಗೆ ಹೆಚ್ಚು ತಣ್ಣಗಿರುತ್ತದೆ! ಅಲ್ಲಿ ಆವಿ ನೀರಾಗಿ, ಹಿಮವಾಗಿ ಕೂರುತ್ತದೆ. ಮಾರ್ಚ್‌ನಲ್ಲಿ ಕರಗಿ ಇಳಿಯುತ್ತದೆ. ನಾಲ್ಕಾರು ಚಳಿಗಾಲ ಹೀಗೆ ನಡೆದರೆ ಹಲಗೆ ಕುಂಬಾಗಿ ಮೊಳೆ ಹಿಡಿಯುವುದಿಲ್ಲ.

ಇದು 1930ರ ದಶಕದಲ್ಲೇ ದೊಡ್ಡ ಜಗಳವಾಗಿತ್ತು. ಹೊಸದಾಗಿ ಗೋಡೆಗೆ ಉಣ್ಣೆ ತುಂಬಿಸಿದ ಮನೆಗಳ ಹೊರಗಿನ ಪೇಂಟು ಗುಳ್ಳೆಯೆದ್ದು ಸುಲಿಯತೊಡಗಿತು. ಪೇಂಟರುಗಳು ಉಣ್ಣೆಯನ್ನು ಬೈದರು. ಉಣ್ಣೆ ತುಂಬಿದ ಮನೆಗೆ ನಾವು ಬಣ್ಣ ಹೊಡೆಯುವುದಿಲ್ಲ ಎಂದವರೂ ಇದ್ದರು. ಉಣ್ಣೆ ಮಾರುವವರು ಪೇಂಟನ್ನು ಬೈದರು. ನಡುವೆ ಬಂದವರು ಮಿನೆಸೋಟ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಫ್ರಾಂಕ್ ರೌಲಿ. ಕಾವು ಗೋಡೆಯಲ್ಲಿ ಹರಿಯುವಂತೆಯೇ ಆವಿಯೂ ಹರಿಯುತ್ತದೆ, ಎರಡಕ್ಕೂ ಬೇರೆ ಬೇರೆ ತಡೆ ಬೇಕು ಎಂದು ಅವರು ಆ ದಶಕದ ಕೊನೆಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಅಂದಿನಿಂದ ಚಳಿನಾಡಿನ ಗೋಡೆಗೆ ಬೆಚ್ಚಗಿನ ಬದಿಯಲ್ಲಿ, ಅಂದರೆ ಒಳಗಡೆ, ಆವಿ ತಡೆಯುವ ಹಾಳೆ ಹೊಡೆಯುವ ಪದ್ಧತಿ ಬಂತು. ಈಗ ಅದು 0.15 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕು. ಅದನ್ನು ಹೊರಬದಿಗೆ ಹೊಡೆದರೆ ಆವಿ ಗೋಡೆಯೊಳಗೇ ಸಿಕ್ಕಿಬೀಳುತ್ತದೆ. ರೌಲಿಯವರ ನಂತರ ಬಂದವರು ಇನ್ನೊಂದು ಮಾತು ಸೇರಿಸಿದರು: ಗೋಡೆಯ ಮೂಲಕ ಇಂಗಿ ಹೋಗುವ ಆವಿಗಿಂತ ಸ್ವಿಚ್ ಬೋರ್ಡಿನ ತೂತಿನಂಥ ಕಡೆ ಗಾಳಿಯ ಬೆನ್ನೇರಿ ಹೋಗುವ ಆವಿಯೇ ಎಷ್ಟೋ ಪಾಲು ಹೆಚ್ಚು. ಮತ್ತೆ ಸಂದಿಗೇ ಬಂದೆವು.

ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಶೀಟು ಮಾಡಿನ ಕೆಳಗೆ ಲೇತ್ ತಿರುಗಿಸುವವರಿಗೆ ಇದೆಲ್ಲ ಬುಡಮೇಲಾಗಿ ಅನ್ವಯಿಸುತ್ತದೆ. ಅಲ್ಲಿ ಏಪ್ರಿಲ್‌ನ ಮಾಡು ಕಾದು ಮೇಲಿಂದ ಕಾವು ಸುರಿಸುತ್ತದೆ; ಗಾಳಿಗುಳ್ಳೆಗಳ ಹೊಳೆಯುವ ಫಾಯಿಲ್ ಹಾಳೆಯನ್ನು ಮಾಡಿನಡಿ ಸ್ವಲ್ಪ ಅಂತರ ಬಿಟ್ಟು ಕಟ್ಟಿದರೆ ಎದ್ದು ಕಾಣುವಷ್ಟು ವ್ಯತ್ಯಾಸ. ಅದೇ ಗುಳ್ಳೆ ಫಾಯಿಲ್ಲನ್ನು ಮಿನೆಸೋಟದ ಗ್ಯಾರೇಜು ಬಾಗಿಲಿಗೆ ಅಂಟಿಸಿದವರು ಹಣ ಕಳೆದುಕೊಂಡಂತೆ. ಎದುರಿಗೆ ಗಾಳಿಯ ಅಂತರವಿಲ್ಲದೆ ಫಾಯಿಲ್ ಹೊಳೆದು ಪ್ರಯೋಜನವಿಲ್ಲ, ಗುಳ್ಳೆಯ ಹಾಳೆಯದು ಬರೀ ಆರ್ 1ರಷ್ಟು. ಹಾಗಿದ್ದೂ ಮಾರಾಟವಂತೂ ಜೋರು.

ಈಗ ಕಾವಿನ ಮಾತು. ಬಕ್ಕನ್ ಅವರ ಡೊಳ್ಳುಹೊಟ್ಟೆಯ ಒಲೆಯನ್ನು ಇವತ್ತು ಗ್ಯಾರೇಜಿನಲ್ಲಿ ಹೂಡುವಂತಿಲ್ಲ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆಯ ಮಾನದಂಡ ಕಟ್ಟಿಗೆ ಒಲೆಯನ್ನು ಯಾವ ಗ್ಯಾರೇಜಿನಲ್ಲೂ ಒಪ್ಪುವುದಿಲ್ಲ; ವಿಮಾ ಕಂಪನಿಗೆ ಸುಳಿವು ಸಿಕ್ಕರೆ ಮನೆಯ ವಿಮೆಯೂ ಹೋಗಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ತೆವಳುತ್ತದೆ. ಹಾಗಾಗಿ ಗ್ಯಾಸ್ ಹೀಟರಿನ ಜ್ವಾಲೆಯಾಗಲಿ ಕಿಡಿ ಹಾರುವ ಸ್ವಿಚ್ಚಾಗಲಿ ನೆಲದಿಂದ 18 ಅಂಗುಲವಾದರೂ ಮೇಲಿರಬೇಕೆಂಬುದು ಅಲ್ಲಿನ ಕಟ್ಟಡ ನಿಯಮ. ಥರ್ಮೊಕೋಲ್, ಫೋಮ್ ಹಲಗೆಗಳನ್ನು ಗೋಡೆಗೆ ಹೊಡೆದು ಹಾಗೇ ಬಿಡುವುದೂ ತಪ್ಪು. ಅವು ಹೊತ್ತಿಕೊಂಡರೆ ಕಪ್ಪು ವಿಷದ ಹೊಗೆ. ಮೇಲೆ ಅರ್ಧ ಅಂಗುಲದ ಜಿಪ್ಸಮ್ ಬೋರ್ಡು ಹೊಡೆಯಬೇಕು.

ಕಾರ್ಬನ್ ಮಾನಾಕ್ಸೈಡಿನ ವಿಷಯ ನಮಗೆ ಹೊಸದಲ್ಲ. ಉತ್ತರ ಭಾರತದಲ್ಲಿ ಕೋಣೆ ಮುಚ್ಚಿ ಅಂಗೀಠಿಯ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆಂಕಿ ಅನಾಹುತ ಬಿಟ್ಟು ಬರೀ ಈ ಅನಿಲದಿಂದ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೊಗೆ ಕೊಳವೆಯಿಲ್ಲದ ಹೀಟರಿಗೆ ಕಿಟಕಿ ತೆರೆದಿಡಿ ಎಂದು ಅದರ ಮೈಮೇಲೇ ಬರೆದಿರುತ್ತದೆ. ಸಂದು ಮುಚ್ಚಿ ಭದ್ರ ಮಾಡಿದ ಗ್ಯಾರೇಜಿನಲ್ಲಿ ಅಪಾಯ ಇನ್ನೂ ಹೆಚ್ಚು. ನನ್ನ ಪ್ರಕಾರ ಇಲ್ಲಿ ಚರ್ಚೆಯೇ ಇಲ್ಲ: ಆ ತೋಪಿನ ಹೀಟರು ಕಟ್ಟಡ ಕಟ್ಟುವ ಬಯಲಿನದು, ಗ್ಯಾರೇಜಿನದಲ್ಲ.

ಉಳಿದವುಗಳಲ್ಲಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಹೀಟರು 1,500 ವ್ಯಾಟಿಗೆ ಮುಗಿಯಿತು. 120 ವೋಲ್ಟಿನ ಆ ಪ್ಲಗ್ಗು ಅದಕ್ಕಿಂತ ಎಳೆಯಲಾರದು. ಅಮೆರಿಕದ ಮನೆಗೆ ಎರಡು ತಂತಿಯಲ್ಲಿ 240 ವೋಲ್ಟೂ ಬರುತ್ತದೆ. ಅದರಿಂದ ಬೇರೆ ಲೈನು ಎಳೆಸಿದರೆ 5 ಕಿಲೋವ್ಯಾಟಿನ ಹೀಟರನ್ನು ಚಾವಣಿಗೆ ತೂಗುಹಾಕಬಹುದು. ಉಣ್ಣೆ ತುಂಬಿದ ಗ್ಯಾರೇಜಿಗೆ ಅಷ್ಟು ಬೇಕಾದಷ್ಟಾಯಿತು. ಕೊಳವೆ ಗ್ಯಾಸಿದ್ದರೆ ಉರಿಯುವ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಮುಚ್ಚಿದ ಹೀಟರಿದೆ. ನೀರೂ ಒಳಗಿಲ್ಲ, ವಿಷವೂ ಇಲ್ಲ, ಮರದ ಪುಡಿ ಜ್ವಾಲೆಗೆ ಸಿಗುವುದೂ ಇಲ್ಲ. ಅತಿಗೆಂಪು ಹೀಟರುಗಳು ಎಳೆಬಿಸಿಲಿನ ಹಾಗೆ. ಗಾಳಿಯನ್ನು ಬಿಟ್ಟು ಎದುರಿಗಿರುವ ಮೇಜು, ಕಬ್ಬಿಣ, ಬೆನ್ನು ಇವನ್ನೇ ಕಾಯಿಸುತ್ತವೆ. ಕಬ್ಬಿಣ ಬೆಚ್ಚಗಿದ್ದರೆ ಅದರ ಮೈ ಬೆವರುವುದಿಲ್ಲ.

ಇತ್ತೀಚೆಗೆ ಹೆಚ್ಚು ಜನ ಹಾಕಿಸುವುದು ನಮಗೆಲ್ಲ ಪರಿಚಿತವಾದ ಸ್ಪ್ಲಿಟ್ ಏಸಿ. ಅದನ್ನೇ ತಿರುವುಮುರುವು ನಡೆಸಿದರೆ ಹೊರಗಿನ ತಣ್ಣನೆ ಗಾಳಿಯಿಂದ ಕಾವು ಹೀರಿ ಒಳಗೆ ಬಿಡುತ್ತದೆ. ಮೈನಸ್ 15ರ ಗಾಳಿಯಲ್ಲಿ ಎಲ್ಲಿಯ ಕಾವು ಎಂದು ನಗಬೇಡಿ. ಕಾವನ್ನು ಹೀಗೆ ಎತ್ತಿ ಕಟ್ಟಡ ಬೆಚ್ಚಗಿಡಬಹುದೆಂದು ಲಾರ್ಡ್ ಕೆಲ್ವಿನ್ 1852ರಲ್ಲೇ ಹೇಳಿದ್ದರು. ಚಳಿನಾಡಿಗೆಂದೇ ಮಾಡಿದ ಈಗಿನ ಯಂತ್ರಗಳು ಅಂಥ ಚಳಿಯಲ್ಲೂ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಎರಡು ಯೂನಿಟ್ ಕಾವು ಕೊಡುತ್ತವೆ. ತೊಂದರೆ ಎಂದರೆ ಮರದ ಪುಡಿ. ಒಳಗಿನ ಘಟಕದ ಜಾಲರಿಗೆ ಅದು ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ, ಆಗಾಗ ತೊಳೆಯುತ್ತಿರಬೇಕು.

ಯಂತ್ರ ಯಾವುದೇ ಇರಲಿ, ನಡೆಸುವ ರೀತಿ ಮುಖ್ಯ. ಶನಿವಾರ ಬೆಳಿಗ್ಗೆ ಮೈನಸ್ ಹತ್ತರಿಂದ ಇಪ್ಪತ್ತಕ್ಕೆ ಏರಿಸಿ ಭಾನುವಾರ ಸಂಜೆ ಆರಿಸುವುದು ಸಾಮಾನಿಗೆ ಶತ್ರು; ಪ್ರತಿ ವಾರ ಒಂದು ಬೆವರು. ಚಳಿಗಾಲ ಪೂರ್ತಿ 7 ಡಿಗ್ರಿಗೆ ಬಿಟ್ಟು, ಕೆಲಸದ ದಿನ 15ಕ್ಕೆ ಏರಿಸಿಕೊಳ್ಳುವುದು ಒಳ್ಳೆಯದು. ಭದ್ರಮಾಡಿದ ಗ್ಯಾರೇಜಿನಲ್ಲಿ ಅದರ ಖರ್ಚು ಹೆದರಿಕೆ ಹುಟ್ಟಿಸುವಷ್ಟಿರುವುದಿಲ್ಲ. ಪೇಂಟು ಒಡೆಯುವುದಿಲ್ಲ, ಕಬ್ಬಿಣ ಬೆವರುವುದಿಲ್ಲ. ಅಂಟಿಸಬೇಕಾದ ಹಲಗೆಗಳನ್ನು ಮಾತ್ರ ಹಿಂದಿನ ರಾತ್ರಿಯೇ ಮನೆಯೊಳಗೆ ತಂದಿಡಬೇಕು. ಗಾಳಿ 15 ಇದ್ದರೂ ದಪ್ಪ ಹಲಗೆಯ ಹೊಟ್ಟೆ ಇನ್ನೂ 7ರಲ್ಲಿರುತ್ತದೆ, ಅಂಟಿಗೆ ಬೇಕಾದದ್ದು ಹಲಗೆಯ ಬಿಸಿ.

ನೀರನ್ನು ಹೀಗೆಲ್ಲ ಹೊರಗಿಟ್ಟ ಮೇಲೆ ಅದು ಇಲ್ಲದಿರುವುದೇ ಒಂದು ತಲೆನೋವಾಗುತ್ತದೆ. ಮೈನಸ್ 18ರ ಗಾಳಿಯನ್ನು ಒಳಗೆ ತಂದು 18 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವ ಶೇ 5ರ ಸುಮಾರಿಗೆ ಕುಸಿಯುತ್ತದೆ. ಬಾಯಾರಿದ ಆ ಗಾಳಿ ಮರದಿಂದ ನೀರು ಹೀರುತ್ತದೆ. ಊರಿಂದ ಹೊತ್ತು ತಂದ ವೀಣೆ ಬಿರುಕು ಬಿಡುವುದು, ಬೀಟೆಮರದ ಪೆಟ್ಟಿಗೆಯ ಸಂದು ಬಾಯ್ತೆರೆಯುವುದು ಇಂಥ ಮನೆಗಳಲ್ಲೇ. ಮರಗೆಲಸದವರ ಲೆಕ್ಕದಲ್ಲಿ 300 ಮಿಲಿಮೀಟರ್ ಅಗಲದ ರೆಡ್ ಓಕ್ ಹಲಗೆಯ ತೇವಾಂಶ ಶೇ 6ರಿಂದ ಶೇ 11ಕ್ಕೆ ಏರಿದರೆ ಅಗಲ 5 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಉದ್ದದಲ್ಲಿ ಹೆಚ್ಚೇನೂ ಆಗುವುದಿಲ್ಲ. ಜನವರಿಯಲ್ಲಿ ಕೂದಲೆಳೆಯ ಸಂದಿಗೆ ಕೂರಿಸಿದ ಆಳವಾದ ಡ್ರಾಯರು ಜುಲೈ ತಿಂಗಳಲ್ಲಿ ಎಳೆದರೂ ಬರುವುದಿಲ್ಲ. ಹಾಗಾಗಿ ಅಲ್ಲಿನ ಬಡಗಿಗಳು ಚಳಿಗಾಲದಲ್ಲಿ ಮಾಡಿದ ಡ್ರಾಯರಿಗೆ ಮೇಲೆ ನಾಲ್ಕೈದು ಮಿಲಿಮೀಟರ್ ಸಂದು ಬಿಡುತ್ತಾರೆ, ಬೇಸಿಗೆಯಲ್ಲಿ ಮಾಡಿದ್ದಕ್ಕೆ ಒಂದು ಸಾಕು.